ಒಂದೇ ರುಚಿಯ ಬಿಯರು, ಹಲವು ರುಚಿಯ ಬಿಯರು

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ 1896ರಷ್ಟು ಹಿಂದೆ ಆರಂಭವಾದ ಆ್ಯಂಕರ್ ಎಂಬ ಪುಟ್ಟ ಬಿಯರ್ ಕಾರ್ಖಾನೆ 1965ರಲ್ಲಿ ಮುಚ್ಚುವ ಸ್ಥಿತಿ ತಲುಪಿತ್ತು. ಆಗ ಅದರ ಬಹುಪಾಲು ಒಡೆತನವನ್ನು ಕೊಂಡವರು ಫ್ರಿಟ್ಜ್ ಮೇಟ್ಯಾಗ್. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ ಈ ತರುಣನಿಗೆ ಬಿಯರ್ ತಯಾರಿಕೆಯ ಅನುಭವ ಇರಲಿಲ್ಲ. ಇಂದು ‘ಕ್ರಾಫ್ಟ್ ಬಿಯರ್’ ಎಂದು ಕರೆಯುವ ಪಾನೀಯದ ಚರಿತ್ರೆಯನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ಬಿಯರಿಗೆ ಬೇಕಾದ ಮೂಲವಸ್ತುಗಳು ನಾಲ್ಕೇ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂ ಹಾಗೂ ಹುದುಗು ಬರಿಸುವ ಯೀಸ್ಟ್. ದೋಸೆಹಿಟ್ಟು ಸೆಖೆಗಾಲದಲ್ಲಿ ಒಂದು ಬಗೆ, ಚಳಿಗಾಲದಲ್ಲಿ ಇನ್ನೊಂದು ಬಗೆ ಹುಳಿ ಬರುವಂತೆ ಹಿಂದೆ ಬಿಯರ್ ಕೂಡ ಒಂದೊಂದು ಸಲ ಒಂದೊಂದು ಥರ ಆಗುತ್ತಿತ್ತು. ಹಲವು ಸಲ ಪೀಪಾಯಿಗಟ್ಟಲೆ ಕೆಟ್ಟೂ ಹೋಗುತ್ತಿತ್ತು.

ಈ ಅನಿಶ್ಚಿತತೆಯನ್ನು ನೀಗಿಸಿದ್ದು ವಿಜ್ಞಾನ. ಬಿಯರ್ ಕೆಡಲು ಸೂಕ್ಷ್ಮಜೀವಿಗಳೇ ಕಾರಣ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1876ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಶೀತಲ ಯಂತ್ರ, ರೈಲುಗಳೂ ಸೇರಿಕೊಂಡು, ಸಾವಿರ ಮೈಲಿ ದೂರದಲ್ಲೂ ಒಂದೇ ರುಚಿಯ ಬಿಯರ್ ಮಾರುವುದು ಸಾಧ್ಯವಾಯಿತು. ಏಕರೂಪತೆ ಎಂಬುದು ಆ ಕಾಲಕ್ಕೆ ದೊಡ್ಡ ಸಾಧನೆಯೇ ಆಗಿತ್ತು.

ಆದರೆ ಅಮೆರಿಕದಲ್ಲಿ ಆ ಸಾಧನೆಯೇ ಕ್ರಮೇಣ ಆಯ್ಕೆಯನ್ನು ಕುಗ್ಗಿಸಿತು. 1920ರಿಂದ 1933ರವರೆಗಿನ ಪಾನನಿರೋಧ ಅಸಂಖ್ಯ ಸಣ್ಣ ತಯಾರಕರನ್ನು ಅಳಿಸಿಹಾಕಿತು. ಉಳಿದವರಲ್ಲಿ ದೊಡ್ಡವರು ಚಿಕ್ಕವರನ್ನು ನುಂಗಿದರು. ಅಕ್ಕಿ, ಮೆಕ್ಕೆಜೋಳ ಬೆರೆಸಿದ ತಿಳಿಬಣ್ಣದ, ಹಗುರ ರುಚಿಯ ಬಿಯರೇ ಎಲ್ಲೆಡೆ ಹರಡಿತು. ಪಾನನಿರೋಧಕ್ಕೆ ಮುನ್ನ ಸಾವಿರಕ್ಕೂ ಹೆಚ್ಚಿದ್ದ ಕಾರ್ಖಾನೆಗಳು 1970ರ ದಶಕದ ಕೊನೆಗೆ ನೂರಕ್ಕಿಂತ ಕಡಿಮೆಯಾದವು.

ಇಂಥ ಹೊತ್ತಿನಲ್ಲಿ ಮೇಟ್ಯಾಗ್ ಹಿಡಿದ ದಾರಿ ಗಮನಾರ್ಹ. ‘ಕೈಕಸುಬು’ ಎಂದೊಡನೆ ಯಂತ್ರ, ವಿಜ್ಞಾನಗಳಿಗೆ ಬೆನ್ನು ತಿರುಗಿಸುವುದು ಎಂದು ಹಲವರು ಭಾವಿಸುತ್ತಾರೆ. ಆ್ಯಂಕರ್‌ನ ಬಿಯರ್ ಆಗ ಎಷ್ಟೋ ಸಲ ಹುಳಿಯಾಗುತ್ತಿತ್ತು. ಅದನ್ನು ಸರಿಪಡಿಸಲು ಅವರು ಸೂಕ್ಷ್ಮದರ್ಶಕದ ಮೊರೆ ಹೋದರು, ಶುಚಿತ್ವಕ್ಕೆ ಒತ್ತು ಕೊಟ್ಟರು. ದೊಡ್ಡ ಕಾರ್ಖಾನೆಗಳು ನಂಬಿದ್ದ ಪಾಶ್ಚರ್‌ನ ವಿಜ್ಞಾನವೇ ಇಲ್ಲಿಯೂ ನೆರವಾಯಿತು. ಬೇರೆಯಾಗಿದ್ದುದು ಗುರಿ. ಅಕ್ಕಿ, ಜೋಳ ಬೆರೆಸದೆ ಬಾರ್ಲಿಯ ಪೂರ್ಣ ರುಚಿ ಉಳಿಸಿಕೊಂಡರು. 1975ರಲ್ಲಿ ಕ್ಯಾಸ್ಕೇಡ್ ಎಂಬ ಹೊಸ ತಳಿಯ ಹಾಪ್ಸ್ ಬಳಸಿ ಘಮಘಮಿಸುವ ‘ಲಿಬರ್ಟಿ ಏಲ್’ ತಯಾರಿಸಿದರು.

ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿ ನೀಡುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಹವ್ಯಾಸಿಗಳೇ ಮುಂದೆ ಉದ್ಯಮಿಗಳಾದರು. ಈಗ ಆ ದೇಶದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬಿಯರ್ ಘಟಕಗಳಿವೆ. 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ಒಂದೊಂದಾಗಿ ತೆರೆದ ಮೈಕ್ರೋಬ್ರೂವರಿಗಳೂ ಇದೇ ಅಲೆಯ ಮುಂದುವರಿಕೆ.

ಹಾಗೆಂದು ದೊಡ್ಡ ಕಾರ್ಖಾನೆಯ ಬಿಯರು ಕೀಳು, ಚಿಕ್ಕದರ ಬಿಯರು ಮೇಲು ಎಂದು ತೀರ್ಮಾನಿಸುವುದು ಸರಿಯಲ್ಲ. ಹಗುರ ರುಚಿಯ ಬಿಯರಿನಲ್ಲಿ ಸಣ್ಣ ದೋಷವೂ ನಾಲಗೆಗೆ ಸಿಕ್ಕಿಬೀಳುತ್ತದೆ; ಕಟುವಾದ ಹಾಪ್ಸ್ ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಅಗ್ಗದ ಬೆಲೆ, ಎಲ್ಲೆಡೆ ಒಂದೇ ಗುಣಮಟ್ಟ ದೊಡ್ಡವರ ಬಲ. ಹೊಸ ಪ್ರಯೋಗ, ಸ್ಥಳೀಯ ಗುಣ ಚಿಕ್ಕವರ ಬಲ. ಅಮೆರಿಕದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಇಂದಿಗೂ ದೊಡ್ಡವರದೇ.

ಆ್ಯಂಕರ್‌ನ ಮುಂದಿನ ಕಥೆ ಸುಖಾಂತವಾಗಲಿಲ್ಲ. 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿ ಅದನ್ನು ಕೊಂಡಿತು, 2023ರಲ್ಲಿ ಮುಚ್ಚಿತು. ಮರುವರ್ಷ ಮೊಸರಿನ ಉದ್ಯಮಿ ಹಮ್ದಿ ಉಲುಕಾಯಾ ಅದನ್ನು ಖರೀದಿಸಿದರು. ದಾರಿ ತೋರಿದ ಮನೆಗೇ ಬೀಗ ಬಿದ್ದರೂ, ಅದು ತೋರಿದ ದಾರಿಯಲ್ಲಿ ನಡೆದವರು ಮಾತ್ರ ಸಾವಿರಾರು.