ಮುಕ್ತ ತಂತ್ರಾಂಶದ ಬಳಕೆದಾರ ಕೈಪಿಡಿಗಳ ತಿದ್ದುಪಡಿ

ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಎಂದು ಹೆಸರು. ಲಿಬ್ರೆ ಆಫೀಸ್, ಗಿಂಪ್, ಗ್ನೋಮ್, ಕೆಡಿಇ ಇವು ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಬಳಕೆಯಾಗುವ ಪ್ರಸಿದ್ಧ ಉದಾಹರಣೆಗಳು. ಇವುಗಳ ಸಹಾಯಪುಟ, ಕೈಪಿಡಿ, ಕಲಿಕಾ ಪಾಠಗಳಲ್ಲಿನ ತಪ್ಪುಗಳನ್ನು ಗುರುತಿಸಿ ಸರಿಪಡಿಸುವ ಕೆಲಸಕ್ಕೆ ಸುಮಾರು ಮೂರು ದಶಕಗಳ ಇತಿಹಾಸವಿದೆ. ಈ ತಪ್ಪುಗಳಲ್ಲಿ ಬರೆದವರ ಕೈತಪ್ಪಷ್ಟೇ ಅಲ್ಲ, ಕಾಲ ಸರಿದದ್ದರಿಂದ ಆದ ತಪ್ಪೂ ಉಂಟು. ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನ 2012ರಲ್ಲಿ ಬಂದ 2.8 ಆವೃತ್ತಿಯಲ್ಲಿ ‘ಸೇವ್’ ಎಂಬ ಆಯ್ಕೆ ತನ್ನದೇ ಎಕ್ಸ್‌ಸಿಎಫ್ ಮಾದರಿಗೆ ಮಾತ್ರ ಸೀಮಿತವಾಯಿತು. ಜೆಪೆಗ್ ಅಥವಾ ಪಿಎನ್‌ಜಿ ಚಿತ್ರ ಬೇಕಾದವರು ‘ಎಕ್ಸ್‌ಪೋರ್ಟ್’ ಆಯ್ಕೆಗೆ ಹೋಗಬೇಕಾಯಿತು. ‘ಸೇವ್ ಆ್ಯಸ್ ಒತ್ತಿ ಜೆಪೆಗ್ ಆರಿಸಿ’ ಎಂದು ಅದುವರೆಗೆ ಸರಿಯಾಗಿಯೇ ಬರೆದಿದ್ದ ಪಾಠಗಳೆಲ್ಲ ಒಮ್ಮೆಲೇ ತಪ್ಪಾದವು. ಇಂಥ ತಪ್ಪನ್ನು ತಿದ್ದಲು ಪರವಾನಗಿ ಇದ್ದರಷ್ಟೇ ಸಾಲದು. ಮೂಲಪ್ರತಿ ಓದುಗರ ಕೈಗೆ ಎಟುಕಬೇಕು, ಪುಟ ಯಾವ ಆವೃತ್ತಿಯದು ಎಂಬ ದಾಖಲೆ ಇರಬೇಕು, ತಿದ್ದಿದ್ದನ್ನು ಪರಿಶೀಲಿಸಿ ಒಪ್ಪುವವರು ಇರಬೇಕು. ಈ ಮೂರೂ ಒದಗಿಬಂದ ಬಗೆಯೇ ಈ ವಿಷಯದ ಇತಿಹಾಸ.

ಮೂಲ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂಡುಬಿದಿರೆಯಲ್ಲಿ ಕಂಪ್ಯೂಟರಿಗಿಂತ ಹಳೆಯ ಸಾಕ್ಷ್ಯವಿದೆ. ದಿಗಂಬರ ಜೈನರ ಆಗಮಗ್ರಂಥವಾದ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಕನ್ನಡ ಲಿಪಿಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಉಳಿದಿದ್ದವು. ಅವು ದರ್ಶನಕ್ಕಿದ್ದವೇ ಹೊರತು ಓದಿಗೆ ಸಿಗುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅವನ್ನು ಪ್ರತಿಮಾಡುವ ಕೆಲಸ ಶುರುವಾಯಿತು. ಮುಂದೆ ಒಂದು ಪ್ರತಿ ಉತ್ತರದ ಸಹಾರನ್‌ಪುರ ಸೇರಿ, ಅದರಿಂದ ನಾಗರಿ ಪ್ರತಿ, ಅದರಿಂದ ಮತ್ತಷ್ಟು ಪ್ರತಿಗಳು ಹುಟ್ಟಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಮುಂದಿದ್ದದ್ದು ಇಂಥ ಪ್ರತಿಯ ಪ್ರತಿಗಳೇ. 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತಿದೆ ಎಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಮುಕ್ತಿ ಸಾಧ್ಯವೇ ಎಂಬ ಪ್ರಶ್ನೆಗೆ ತಳುಕು ಹಾಕಿಕೊಂಡಿದ್ದ ಪದವಾದ್ದರಿಂದ ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ಮೂಡುಬಿದಿರೆಯ ಗರಿಗಳೊಂದಿಗೆ ಹೋಲಿಸಿ ನೋಡಿದಾಗ ಪದ ಅಲ್ಲಿ ಇತ್ತು. ಊಹೆ ಸರಿಯಾಗಿಯೇ ಇದ್ದರೂ ಮೂಲ ತೆರೆಯುವ ತನಕ ಅದಕ್ಕೆ ಪ್ರಮಾಣವಿರಲಿಲ್ಲ. ತಂತ್ರಾಂಶದ ಕೈಪಿಡಿಗೂ ಈ ಮಾತು ಹಾಗೆಯೇ ಸಲ್ಲುತ್ತದೆ.

ತಂತ್ರಾಂಶದ ಲೋಕದಲ್ಲಿ ತಪ್ಪನ್ನು ಬಹಿರಂಗವಾಗಿ ದಾಖಲಿಸುವ ರೂಢಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಷ್ಟೇ ಹಳೆಯದು. 1971ರ ನವೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಹೊರತಂದ ಯುನಿಕ್ಸ್ ಕೈಪಿಡಿಯಲ್ಲಿ ಪ್ರತಿ ಆದೇಶದ ವಿವರಣೆಯ ಕೊನೆಯ ಭಾಗದಲ್ಲಿ ‘ಬಗ್ಸ್’ ಎಂಬ ಶೀರ್ಷಿಕೆಗೆ ಜಾಗವಿತ್ತು. ಆದರೆ ಕೊರತೆ ಹೇಳಿಕೊಳ್ಳುವುದು ಬೇರೆ, ಓದುಗರಿಗೆ ತಿದ್ದುವ ಹಕ್ಕು ಕೊಡುವುದು ಬೇರೆ. 1983ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಈ ಎರಡನೆಯದನ್ನು ಪ್ರಶ್ನೆಯಾಗಿ ಎತ್ತಿದರು. ತಂತ್ರಾಂಶವನ್ನು ಬದಲಿಸುವ ಸ್ವಾತಂತ್ರ್ಯವಿದ್ದು ಅದರ ಕೈಪಿಡಿಯನ್ನು ಬದಲಿಸುವಂತಿಲ್ಲವಾದರೆ, ಆತ್ಮಸಾಕ್ಷಿಯುಳ್ಳ ಪ್ರೋಗ್ರಾಮರ್ ತನ್ನ ಕೆಲಸವನ್ನು ಅರ್ಧಕ್ಕೇ ಬಿಟ್ಟಂತಾಗುತ್ತದೆ ಎಂಬುದು ಅವರ ವಾದದ ತಿರುಳು. 2000ದಲ್ಲಿ ಬಂದ ಗ್ನೂ ಮುಕ್ತ ದಸ್ತಾವೇಜು ಪರವಾನಗಿ ಆ ವಾದದ ಫಲ. ಅದೇ ಪರವಾನಗಿ ಕೆಲವು ಭಾಗಗಳನ್ನು ಬದಲಿಸಬಾರದೆಂದು ಗುರುತಿಸಲು ಅವಕಾಶ ಕೊಟ್ಟದ್ದು ವಿವಾದವಾಯಿತು. ಅಂಥ ಭಾಗಗಳುಳ್ಳ ಕೈಪಿಡಿ ಮುಕ್ತವಲ್ಲ ಎಂದು ಲಿನಕ್ಸ್ ವಿತರಣೆ ರೂಪಿಸುವ ಡೆಬಿಯನ್ ಬಳಗ 2006ರಲ್ಲಿ ಮತ ಹಾಕಿ ತೀರ್ಮಾನಿಸಿತು. ತಿದ್ದುವ ಹಕ್ಕಿನಲ್ಲಿ ಅರೆಬರೆ ಸಲ್ಲದು ಎಂಬ ನಿಲುವು ಅಲ್ಲಿಗೆ ಸ್ಪಷ್ಟವಾಯಿತು.

ಹಕ್ಕು ಸಿಕ್ಕ ಮೇಲೆ ದಾರಿಯ ಪ್ರಶ್ನೆ ಬಂತು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರಗಳು ಆರಂಭವಾದವು; ಮುಂದೆ ಅವುಗಳ ಕೈಪಿಡಿಗಳನ್ನು ಡಾಕ್‌ಬುಕ್ ಎಂಬ ಗುರುತುಭಾಷೆಯಲ್ಲಿ ಉದ್ದನೆಯ ಪುಸ್ತಕಗಳಂತೆ ಬರೆಯುತ್ತಿದ್ದರು. ಒಂದು ಸಾಲು ತಿದ್ದಬೇಕೆಂದರೂ ಮೂಲಕಡತ ಹುಡುಕಿ, ಪ್ಯಾಚ್ (ಬದಲಾವಣೆಯ ಕಡತ) ತಯಾರಿಸಿ, ದೋಷವರದಿಗೆ ಲಗತ್ತಿಸಬೇಕಿತ್ತು. 2011ರಲ್ಲಿ ಗ್ನೋಮ್ 3 ಬಂದಾಗ ಅದರ ಸಹಾಯವನ್ನು ಮ್ಯಾಲಾರ್ಡ್ ಎಂಬ ಹೊಸ ಮಾದರಿಗೆ ತಂದರು. ಅದರಲ್ಲಿ ಒಂದು ಕೆಲಸಕ್ಕೆ ಒಂದು ಚಿಕ್ಕ ಪುಟ. ಪುಟದ ತಲೆಯಲ್ಲಿ ಬರೆದವರ ಹೆಸರು, ಕೊನೆಯ ಬಾರಿ ನೋಡಿದ ದಿನಾಂಕ, ಅದು ಹೊಂದುವ ಆವೃತ್ತಿ, ‘ಕರಡು’, ‘ಹಳತಾಗಿದೆ’, ‘ಪರಿಶೀಲನೆಗೆ’, ‘ಅಂತಿಮ’ ಎಂಬಂಥ ಸ್ಥಿತಿ ಎಲ್ಲವನ್ನೂ ನಮೂದಿಸುವ ವ್ಯವಸ್ಥೆ ಇದೆ. ಹೀಗಾಗಿ ಪುಟವನ್ನು ಎಷ್ಟು ನಂಬಬಹುದು ಎಂಬುದು ತಿದ್ದುವವರಿಗೆ ಮೊದಲೇ ತಿಳಿಯುತ್ತದೆ. 2018ರ ಹೊತ್ತಿಗೆ ಗ್ನೋಮ್ ತನ್ನ ಕೆಲಸವನ್ನು ಗಿಟ್‌ಲ್ಯಾಬ್ ಎಂಬ ಸಹಯೋಗ ವೇದಿಕೆಗೆ ಸಾಗಿಸಿದ ಮೇಲೆ ತಿದ್ದುಪಡಿ, ಅದರ ಮೇಲಿನ ಚರ್ಚೆ, ಒಪ್ಪಿಗೆ ಮೂರೂ ಒಂದೇ ಕಡೆ ದಾಖಲಾಗತೊಡಗಿದವು.

ಕನ್ನಡದ ಮಟ್ಟಿಗೆ ತಿದ್ದುಪಡಿಯ ಸಮಸ್ಯೆಗೆ ಇನ್ನೊಂದು ಮಗ್ಗುಲಿದೆ. ಮುಕ್ತ ತಂತ್ರಾಂಶದ ಅನುವಾದ ಬಹುಪಾಲು ಗೆಟ್‌ಟೆಕ್ಸ್ಟ್ ಪದ್ಧತಿಯಲ್ಲಿ ನಡೆಯುತ್ತದೆ: ಕಡತದಲ್ಲಿ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡ ವಾಕ್ಯ. ಇಂಗ್ಲಿಷ್ ಮೂಲದಲ್ಲಿ ಒಂದು ಪದ ತಿದ್ದಿದರೂ ಕನ್ನಡ ಸಾಲಿಗೆ ‘ಫಜಿ’ (ಅಸ್ಪಷ್ಟ) ಎಂಬ ಗುರುತು ಬೀಳುತ್ತದೆ. ಯಾರಾದರೂ ನೋಡಿ ಆ ಗುರುತು ತೆಗೆಯುವವರೆಗೆ ತೆರೆಯ ಮೇಲೆ ಇಂಗ್ಲಿಷೇ ಕಾಣುತ್ತದೆ. ತಪ್ಪು ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ಲೇಸು ಎಂಬ ಈ ನಿಯಮ ನ್ಯಾಯವಾದದ್ದೇ. ಆದರೆ ಪರಿಶೀಲಿಸುವವರು ಇಲ್ಲದ ಭಾಷೆಯಲ್ಲಿ ಮೂಲದ ಪ್ರತಿಯೊಂದು ತಿದ್ದುಪಡಿಯೂ ಒಂದೊಂದು ಸಾಲು ಅನುವಾದವನ್ನು ತೆರೆಯಿಂದ ಮರೆಮಾಡುತ್ತ ಹೋಗುತ್ತದೆ. ಕನ್ನಡದಲ್ಲಿ ಮೆನುಗಳ ಅನುವಾದ ನಡೆದಷ್ಟು ಸಹಾಯಪುಟಗಳ ಅನುವಾದ ನಡೆದಿಲ್ಲ. ಆ ಜಾಗವನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಶಾಲಾ ಶಿಕ್ಷಣ. 2013ರಲ್ಲಿ ಆರಂಭವಾದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ವಿಕಿಯಲ್ಲಿ ಲಿಬ್ರೆ ಆಫೀಸ್, ಜಿಯೋಜಿಬ್ರಾ ಮುಂತಾದವನ್ನು ಬಳಸುವ ಕ್ರಮ ಕನ್ನಡದಲ್ಲೇ ಇದೆ; ಪ್ರತಿ ಪುಟಕ್ಕೂ ಬದಲಾವಣೆಗಳ ಇತಿಹಾಸವಿದೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಗಳಲ್ಲಿ ಮುಕ್ತ ತಂತ್ರಾಂಶವನ್ನು ಕನ್ನಡದಲ್ಲೇ ಕಲಿಯುತ್ತಾರೆ. ಅಚ್ಚಾದ ಪಠ್ಯ ಪರಿಷ್ಕರಣೆಯ ವರ್ಷಕ್ಕೆ ಕಾಯಬೇಕು, ವಿಕಿಯ ಪುಟ ಕಾಯಬೇಕಿಲ್ಲ. ಇವೆರಡರ ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಯಾರು ಬೇಕಾದರೂ ತಿದ್ದಬಹುದಾದರೆ ಅರಿಯದವರು ಸರಿಯನ್ನೂ ಕೆಡಿಸುವುದಿಲ್ಲವೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಕೆಡಿಸುವುದುಂಟು. ಆದರೆ ಪ್ರತಿ ಬದಲಾವಣೆಯ ಹಿಂದಿನ ಪಾಠ ಉಳಿದಿರುವುದರಿಂದ ಕೆಟ್ಟದ್ದನ್ನು ಹಿಂದಿನ ಸ್ಥಿತಿಗೆ ತರಬಹುದು. ಮುಚ್ಚಿಟ್ಟ ಪಾಠದಲ್ಲಿ ನುಸುಳಿದ ತಪ್ಪಿಗೆ ಆ ಪರಿಹಾರವಿಲ್ಲ. ಸಹಾಯಪುಟ ಓದುವವರೇ ಇಲ್ಲ, ಎಲ್ಲರೂ ಅಂತರ್ಜಾಲದಲ್ಲಿ ಹುಡುಕುತ್ತಾರೆ, ಮತ್ತೇಕೆ ಈ ಶ್ರಮ ಎಂಬುದು ಎರಡನೆಯ ಆಕ್ಷೇಪ. ಹುಡುಕಿದವರಿಗೆ ಸಿಗುವುದು ಬಹುಮಟ್ಟಿಗೆ ಹಳೆಯ ಆವೃತ್ತಿಗೆ ಬರೆದ ಪಾಠಗಳು ಮತ್ತು ಅವುಗಳ ನಕಲುಗಳು. ನಕಲುಗಳನ್ನು ಒಂದೊಂದಾಗಿ ತಿದ್ದಿ ಮುಗಿಸಲು ಆಗದು. ತಿದ್ದಿದ ಮೂಲವೊಂದು ಇದ್ದರೆ ಮಾತ್ರ ಅವುಗಳನ್ನು ಒರೆಗೆ ಹಚ್ಚಲು ಸಾಧ್ಯ. ಮೂರನೆಯ ಆಕ್ಷೇಪ, ಕನ್ನಡಿಗರೂ ಇಂಗ್ಲಿಷ್ ಮೆನುವನ್ನೇ ಬಳಸುವಾಗ ಕನ್ನಡ ಸಹಾಯವೇಕೆ ಎಂಬುದು. ಮೆನುವಿನ ಒಂದೆರಡು ಪದಗಳನ್ನು ನೆನಪಿಟ್ಟುಕೊಳ್ಳುವುದು ಸುಲಭ, ಎಂಟು ಹೆಜ್ಜೆಯ ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಿ ನಡೆಸುವುದು ಕಷ್ಟ. ವಿವರಣೆಯಿರುವ ಕಡೆಯೇ ಕನ್ನಡ ಹೆಚ್ಚು ಬೇಕು.

ಮೊದಲ ಎರಡು ಅಗತ್ಯಗಳು, ಎಂದರೆ ತೆರೆದ ಮೂಲ ಮತ್ತು ಆವೃತ್ತಿಯ ದಾಖಲೆ, ಇಂದು ಕನ್ನಡಕ್ಕೂ ಒದಗಿವೆ. ಒದಗದೆ ಉಳಿದದ್ದು ಮೂರನೆಯದು, ಪರಿಶೀಲಿಸುವ ಜನ. ಕರಾವಳಿ ಸೀಮೆಯಲ್ಲಿ ಅದಕ್ಕೆ ಬೇಕಾದ ಅಭ್ಯಾಸ ಹೊಸದಲ್ಲ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕನ್ನಡ, ತುಳು ವಿಕಿಪೀಡಿಯಗಳಿಗೆ ಬರೆದಿದ್ದಾರೆ. 2016ರಲ್ಲಿ ತುಳು ವಿಕಿಪೀಡಿಯ ಪೂರ್ಣಪ್ರಮಾಣದಲ್ಲಿ ತೆರೆದುಕೊಂಡದ್ದು ಕರಾವಳಿಯ ಇಂಥ ಸಂಪಾದಕರ ದುಡಿಮೆಯಿಂದ. ಒಂದು ವಾಕ್ಯವನ್ನು ಆಕರದೊಂದಿಗೆ ಹೋಲಿಸಿ, ಬದಲಿಸಿ, ಬದಲಿಸಿದ್ದಕ್ಕೆ ಕಾರಣ ನಮೂದಿಸುವುದು ಅವರಿಗೆ ಗೊತ್ತಿರುವ ಕೆಲಸ. ಕೈಪಿಡಿಯ ತಿದ್ದುಪಡಿಗೆ ಬೇಕಾದದ್ದೂ ಅದೇ, ಜೊತೆಗೆ ತಂತ್ರಾಂಶವನ್ನು ತೆರೆದು ಪ್ರತಿ ಹೆಜ್ಜೆಯನ್ನು ಮಾಡಿ ನೋಡುವ ತಾಳ್ಮೆ. ಕಾಲೇಜುಗಳು ಪ್ರತಿ ವರ್ಷ ಒಂದು ತಂತ್ರಾಂಶದ ಕನ್ನಡ ಸಹಾಯವನ್ನು ಕೈಗೆತ್ತಿಕೊಂಡು ಪರಿಶೀಲಿಸಲಿ. ತಪ್ಪು ಕಂಡ ಓದುಗರು ಅದನ್ನು ಗೆಳೆಯರಿಗೆ ಹೇಳಿ ಸುಮ್ಮನಾಗದೆ ಮೂಲದಲ್ಲೇ ವರದಿ ಮಾಡಲಿ.