ಶಿಶುಪಾಲನೆಯ ಹಕ್ಕೂ ಪತಿಯ ಕ್ರೌರ್ಯವೂ: ಆಂಗ್ಲ ಶಾಸನದ ಎರಡು ಘಟ್ಟಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲ ನ್ಯಾಯಪದ್ಧತಿಯು ವಿವಾಹಸಂತಾನವನ್ನು ತಂದೆಯ ವಶಕ್ಕೆ ಒಪ್ಪಿಸಿದ್ದಿತು. ಪತ್ನಿಯನ್ನು ಹಿಂಸಿಸಿದ ಮಾತ್ರಕ್ಕೆ ಆತನ ಈ ಅಧಿಕಾರಕ್ಕೆ ಕುಂದು ಬರುತ್ತಿರಲಿಲ್ಲ. 1804ರ ಡಿ ಮ್ಯಾನ್‌ವಿಲ್ ಮೊಕದ್ದಮೆಯೇ ಇದಕ್ಕೆ ನಿದರ್ಶನ. ಪತಿಯ ದುರ್ವರ್ತನೆಯಿಂದ ಬೇರೆಯಾಗಿದ್ದ ತಾಯಿಯಿಂದ, ಇನ್ನೂ ಮೊಲೆಯುಣ್ಣುತ್ತಿದ್ದ ಎಂಟು ತಿಂಗಳ ಕೂಸನ್ನು ತಂದೆಯು ಕಸಿದೊಯ್ದನು. ಮುಖ್ಯ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ತಂದೆಯ ಹಕ್ಕನ್ನೇ ಎತ್ತಿಹಿಡಿದನು.

ಈ ಸ್ಥಿತಿಯನ್ನು ಲೋಕದ ಮುಂದಿರಿಸಿದವಳು ಲೇಖಕಿ ಕ್ಯಾರೊಲಿನ್ ನಾರ್ಟನ್ (1808–1877). ಈಕೆಯ ಪತಿ ಜಾರ್ಜ್ ನಾರ್ಟನ್ ಆಕೆಯನ್ನು ಹೊಡೆಯುತ್ತಿದ್ದನು. 1836ರಲ್ಲಿ ಮೂವರು ಗಂಡುಮಕ್ಕಳನ್ನು ಆಕೆಯಿಂದ ದೂರಮಾಡಿ, ಪ್ರಧಾನಿ ಲಾರ್ಡ್ ಮೆಲ್ಬರ್ನನ ಮೇಲೆ ವ್ಯಭಿಚಾರದ ದಾವೆ ಹೂಡಿದನು. ಪಂಚರು ದಾವೆಯನ್ನು ತಳ್ಳಿಹಾಕಿದರು. ಆದರೂ ಮಕ್ಕಳು ತಾಯಿಗೆ ದೊರೆಯಲಿಲ್ಲ. ಆಗ ಆಕೆ ಕಿರುಹೊತ್ತಗೆಗಳನ್ನು ಬರೆದು ಹಂಚಿದಳು. ವಕೀಲನೂ ಸಂಸತ್ಸದಸ್ಯನೂ ಆಗಿದ್ದ ಟ್ಯಾಲ್ಫರ್ಡ್ ಮಸೂದೆಯನ್ನು ಮಂಡಿಸಿದನು. 1838ರಲ್ಲಿ ಅದು ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು, 1839ರಲ್ಲಿ ಶಾಸನವಾಯಿತು.

ಈ ಶಾಸನವು ಕೊಟ್ಟುದೆಷ್ಟು? ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದೂ ಅದಕ್ಕಿಂತ ದೊಡ್ಡ ಮಕ್ಕಳನ್ನು ಕಾಣಲು ಅನುಮತಿಸಬೇಕೆಂದೂ ತಾಯಿಯು ಚಾನ್ಸರಿ ನ್ಯಾಯಾಲಯವನ್ನು ಬೇಡಬಹುದಾಗಿತ್ತು. ವ್ಯಭಿಚಾರವು ಸಿದ್ಧಪಟ್ಟ ತಾಯಿಗೆ ಆ ಬಾಗಿಲೂ ಮುಚ್ಚಿದ್ದಿತು. ತಾಯಿಯ ನಡತೆಯನ್ನು ತೂಗಿದ ಶಾಸನವು ತಂದೆಯ ಹೊಡೆತದ ವಿಷಯದಲ್ಲಿ ಮೌನವಾಗಿದ್ದುದು ಗಮನಾರ್ಹ. ಮೇಲಾಗಿ ನಾರ್ಟನ್ ಮಕ್ಕಳನ್ನು ಆಂಗ್ಲ ನ್ಯಾಯಾಲಯಗಳ ಅಧಿಕಾರ ಸಲ್ಲದ ಸ್ಕಾಟ್ಲೆಂಡಿನಲ್ಲಿ ಇರಿಸಿದ್ದುದರಿಂದ ಆಕೆಗೇ ಶಾಸನದ ಫಲ ದಕ್ಕಲಿಲ್ಲ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಗಾಯಗೊಂಡು, ತಾಯಿ ಬಂದು ಸೇರುವ ಮೊದಲೇ ತೀರಿಕೊಂಡನು.

ಹಿಂಸೆಗೂ ಮಕ್ಕಳ ವಶಕ್ಕೂ ಇರುವ ಸಂಬಂಧವನ್ನು ಶಾಸನವು ಸ್ಪಷ್ಟವಾಗಿ ಒಪ್ಪಿಕೊಂಡುದು 1878ರ ವಿವಾಹ ಮೊಕದ್ದಮೆಗಳ ಶಾಸನದಲ್ಲಿ. ಅದೇ ವರ್ಷ ಫ್ರಾನ್ಸಿಸ್ ಪವರ್ ಕಾಬ್ ಪತ್ನೀಹಿಂಸೆಯನ್ನು ಕುರಿತು ಬರೆದ ಲೇಖನವು ಇದಕ್ಕೆ ಬಲಕೊಟ್ಟಿತು. ಪತ್ನಿಯ ಮೇಲೆ ಘೋರ ಹಲ್ಲೆ ನಡೆಸಿದ ಅಪರಾಧ ಸ್ಥಿರಪಟ್ಟು, ಆಕೆಯ ಮುಂದಿನ ಕ್ಷೇಮಕ್ಕೆ ಅಪಾಯವಿದೆಯೆಂದು ಕಂಡುಬಂದರೆ, ಮ್ಯಾಜಿಸ್ಟ್ರೇಟನು ಪ್ರತ್ಯೇಕವಾಸಕ್ಕೆ ಆಜ್ಞೆಯಿತ್ತು ಹತ್ತು ವರ್ಷದೊಳಗಿನ ಮಕ್ಕಳನ್ನು ತಾಯಿಗೆ ಒಪ್ಪಿಸಬಹುದಾಯಿತು. ದುಬಾರಿಯಾದ ಚಾನ್ಸರಿಯನ್ನು ಏರಲಾಗದ ಬಡ ಹೆಂಗಸಿಗೂ ಸ್ಥಳೀಯ ನ್ಯಾಯಾಲಯದಲ್ಲಿಯೇ ಈ ಪರಿಹಾರ ದೊರೆಯುವಂತಾದುದು ಇದರ ಹೆಚ್ಚಳ. ಆದರೆ ವ್ಯಭಿಚಾರದ ನಿರ್ಬಂಧವು ಇಲ್ಲಿಯೂ ಉಳಿಯಿತು.

ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮದ 21ನೆಯ ಪ್ರಕರಣವು, ಹಿಂಸೆಗೊಳಗಾದ ತಾಯಿಗೆ ಮಕ್ಕಳನ್ನು ತಾತ್ಕಾಲಿಕವಾಗಿ ಒಪ್ಪಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿತ್ತಿದೆ. ಎದುರು ಪಕ್ಷದವರ ಭೇಟಿಯಿಂದ ಮಗುವಿನ ಹಿತಕ್ಕೆ ಹಾನಿಯಾದೀತೆಂದು ತೋರಿದರೆ ಅದನ್ನು ನಿರಾಕರಿಸತಕ್ಕದ್ದೆಂದೂ ವಿಧಿಸಿದೆ. 1839ರ ಶಾಸನದ ಮೌನವನ್ನು ಇದರೊಡನೆ ಹೋಲಿಸಿ ನೋಡಿದಾಗ, ತಾಯಿಗೆ ಹಕ್ಕು ಬಂದುದು ಒಂದು ಘಟ್ಟ, ಆಕೆಯ ಮೈಮೇಲಿನ ಪೆಟ್ಟನ್ನು ಮಗುವಿನ ಪ್ರಶ್ನೆಯೆಂದೂ ಎಣಿಸಿದುದು ಮತ್ತೊಂದು ಘಟ್ಟ ಎಂಬುದು ನಮಗೆ ಮನದಟ್ಟಾಗುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಇಂಗ್ಲೆಂಡಿಗೇ 39 ವರ್ಷಗಳು ಬೇಕಾದವು.