ಹಡಗು ತಂದ ನೀರು

ಚಿಕ್ಕಂದಿನಲ್ಲಿ ಕಾಪುವಿನ ದೀಪಸ್ತಂಭದ ಬಳಿ ನಿಂತು ರಂಪಣಿ ಎಳೆಯುವುದನ್ನು ನೋಡುವುದೆಂದರೆ ನನಗೆ ಹಬ್ಬ. ಒಂದು ದಿನ ಅಷ್ಟು ಜನ ಎಳೆದು ತಂದ ಬಲೆಯಲ್ಲಿ ಬಂಗುಡೆಗಿಂತ ಲೋಳೆಯೇ ಹೆಚ್ಚಾಗಿತ್ತು. “ಇದನ್ನೇನು ಮಾಡುತ್ತೀರಿ, ಅಜ್ಜಾ?” ಎಂದು ಹಿರಿಯ ಮೊಗವೀರರೊಬ್ಬರನ್ನು ಕೇಳಿದೆ. “ಕಡಲಿಗೇ ಚೆಲ್ಲುವುದು, ಮಗಾ. ಅದರಲ್ಲಿ ನೀರು ಬಿಟ್ಟರೆ ಏನುಂಟು?” ಎಂದರು. ಅಂಥ ನೀರುಮೈಯ ಜೀವಿಯೊಂದು ಇಡೀ ಕಡಲನ್ನೇ ಬಡವಾಗಿಸಬಲ್ಲುದೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ, ಕಪ್ಪುಸಮುದ್ರದ ಚರಿತ್ರೆಯನ್ನು ಓದಿದಾಗ.

ಮೊದಲು ಬಂಗುಡೆಯ ಊಟದ ವಿಚಾರ. ಮಳೆಗಾಲದಲ್ಲಿ ನಮ್ಮ ಕಡಲಿನ ಆಳದ ತಣ್ಣೀರು ಮೇಲೇಳುತ್ತದೆ. ಅದು ತಂದ ಸಾರವನ್ನುಂಡು ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗುತ್ತವೆ. ಅವನ್ನು ಮೇಯ್ದು ಸಾಸಿವೆಗಿಂತ ಚಿಕ್ಕ ಪ್ರಾಣಿಗಳು ಕೋಟಿಗಟ್ಟಲೆ ಹೆಚ್ಚುತ್ತವೆ. ನೀರು ಒಯ್ದತ್ತ ತೇಲುವ ಇವುಗಳಿಗೆ ಪ್ರಾಣಿಪ್ಲವಕಗಳೆಂದು ಹೆಸರು. ಬಂಗುಡೆಗೆ ಇವೇ ಅನ್ನ. ಕಪ್ಪುಸಮುದ್ರದಲ್ಲಿ ಆಂಚೊವಿ ಎಂಬ ಸಣ್ಣ ಮೀನಿಗೂ ಇವೇ ಅನ್ನ.

ಆ ಕಡಲಿನಲ್ಲಿ 1982ರಲ್ಲಿ ಹೊಸ ಅತಿಥಿಯೊಂದು ಕಾಣಿಸಿಕೊಂಡಿತು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಈ ಜೀವಿಗೆ ನೀಮಿಯಾಪ್ಸಿಸ್ ಎಂದು ಹೆಸರು. ಅಂಗೈಯಷ್ಟರ ಪಾರದರ್ಶಕ ದೇಹ. ಈಜಲು ಬಾಚಣಿಗೆಯ ಹಲ್ಲಿನಂಥ ರೋಮಗಳ ಎಂಟು ಸಾಲು. ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿ. ದಿನಕ್ಕೆ ಸಾವಿರಾರು ಮೊಟ್ಟೆ. ಸರಕಿಲ್ಲದ ಹಡಗು ಹೊಯ್ದಾಡದಿರಲೆಂದು ಒಂದು ಬಂದರಿನಲ್ಲಿ ನೀರು ತುಂಬಿಕೊಂಡು, ಸರಕು ಹೇರುವ ಬಂದರಿನಲ್ಲಿ ಅದನ್ನು ಚೆಲ್ಲುತ್ತದೆ. ಅಂಥ ನೀರಿನಲ್ಲೇ ಇದು ಬಂದಿತೆಂದು ವಿಜ್ಞಾನಿಗಳ ಅಭಿಪ್ರಾಯ.

ಅಲ್ಲಿ ಅದನ್ನು ತಿನ್ನುವವರಿರಲಿಲ್ಲ. 1989ರ ವೇಳೆಗೆ ಅದು ಮಿತಿಮೀರಿ ಹೆಚ್ಚಿ, ಪ್ರಾಣಿಪ್ಲವಕಗಳನ್ನೂ ಮೀನಿನ ಮೊಟ್ಟೆಮರಿಗಳನ್ನೂ ಕಬಳಿಸಿತು. ಆಂಚೊವಿಯ ಬೆಳೆ ಕುಸಿದುಬಿದ್ದಿತು. ಮನುಷ್ಯನೂ ನಿರಪರಾಧಿಯಲ್ಲ, ಅತಿಯಾಗಿ ಮೀನು ಹಿಡಿದು, ನದಿಗಳಲ್ಲಿ ಕೊಳೆ ಹರಿಸಿ, ಅವನು ಆ ಕಡಲನ್ನು ಮೊದಲೇ ಬಳಲಿಸಿದ್ದನು. 1997ರಲ್ಲಿ ಬೆರೋಯಿ ಎಂಬ ಅದೇ ಕುಲದ ಇನ್ನೊಂದು ಜೀವಿ ಬಂದು ಮೊದಲನೆಯದನ್ನು ತಿನ್ನತೊಡಗಿದ ಮೇಲೆ ಪ್ಲವಕಗಳು ಚೇತರಿಸಿದವು. ಅದೂ ಕರೆಯದೆ ಬಂದದ್ದೇ! 1999ರಲ್ಲಿ ಕ್ಯಾಸ್ಪಿಯನ್ ಸಮುದ್ರದಲ್ಲಿ ನೀಮಿಯಾಪ್ಸಿಸ್ ಕಾಣಿಸಿಕೊಂಡಾಗ ಅಲ್ಲಿ ಅಂಥ ಆಪದ್ಬಾಂಧವ ಇರಲಿಲ್ಲ.

ಪರಸ್ಥಳದ ಈ ಕಥೆ ನಮಗೇಕೆ ಎನ್ನಬೇಡಿ. ನವಮಂಗಳೂರು 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲೊಂದಾಯಿತು. ಕಾರ್ಕಳದಾಚೆಯ ಘಟ್ಟದ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಲ್ಲುವವರೆಗೂ ಅದಿರು ಕೊಳವೆಯಲ್ಲಿ ಅಲ್ಲಿಗೆ ಇಳಿಯುತ್ತಿತ್ತು. ಅದಿರಿಗಾಗಿ ಖಾಲಿ ಬರುವ ಹಡಗು ಬರಿಗೈಯಲ್ಲಿ ಬರುವುದಿಲ್ಲ. ಇನ್ನೊಂದು ಕಡಲಿನ ನೀರನ್ನು ಹೊತ್ತೇ ಬರುತ್ತದೆ. ಈ ನೀರಿಗೆ ಕಟ್ಟುಪಾಡು ವಿಧಿಸುವ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು, ಜಾರಿಗೆ ಬಂದದ್ದು 2017ರಲ್ಲಿ.

ಅಂದು ಕಾಪುವಿನ ಅಜ್ಜ ಚೆಲ್ಲಿದ್ದು ನಮ್ಮ ಕಡಲಿನದೇ ಲೋಳೆ. ಅದಕ್ಕೆ ಇಲ್ಲಿ ನೆಂಟರೂ ಇದ್ದಾರೆ, ವೈರಿಗಳೂ ಇದ್ದಾರೆ. ಇವೆರಡೂ ಇಲ್ಲದ ನೀರು ಬಂದರಿಗೆ ಬಂದಾಗ ಮಾತ್ರ, “ಅದರಲ್ಲಿ ಏನುಂಟು?” ಎಂದು ನಾವು ನಿಜವಾಗಿಯೂ ಕೇಳಬೇಕು.